ದಮ್ಮಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವುದು: ಯಾವುದು ಮೊದಲು, ಯಾವುದು ಆಮೇಲೆ

ಡಿಸ್ಚಾರ್ಜ್ ಆಗಿ ಮನೆಗೆ ಹೋದ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಬರುವ ದೀರ್ಘಕಾಲದ ಕಾಯಿಲೆ) ರೋಗಿ ಸ್ವಲ್ಪ ದಿನಕ್ಕೇ ಮತ್ತೆ ಅದೇ ವಾರ್ಡಿಗೆ ಬರುವುದು ಮೈಸೂರಿನಲ್ಲೂ ಮಂಡ್ಯದಲ್ಲೂ ಮಾಮೂಲಿ. ಬಹಳ ಸಲ ಔಷಧಿ ಸರಿಯಾಗಿಯೇ ಇರುತ್ತದೆ. ಮನೆಯವರೂ ಅಸಡ್ಡೆ ಮಾಡಿರುವುದಿಲ್ಲ. ಹೇಳಿದ್ದನ್ನೆಲ್ಲ ಮಾಡಿರುತ್ತಾರೆ, ಆದರೆ ಹಿಂದುಮುಂದಾಗಿ ಮಾಡಿರುತ್ತಾರೆ. ಸ್ನಾನ ಮಾಡಿಸಿ ಏದುಸಿರು ಬಂದ ಮೇಲೆ ಪಂಪ್ (ಇನ್ಹೇಲರ್) ಹುಡುಕುತ್ತಾರೆ. ತಿಂಡಿ ತಿನ್ನಿಸಿ ಕಫ ತೆಗೆಸಲು ಹೋಗುತ್ತಾರೆ, ತಿಂದದ್ದೆಲ್ಲ ವಾಂತಿಯಾಗುತ್ತದೆ. ದಮ್ಮು ಏರಿದರೆ ಎಲ್ಲಕ್ಕಿಂತ ಮೊದಲು ಆಕ್ಸಿಜನ್ ಜಾಸ್ತಿ ಮಾಡುತ್ತಾರೆ. ಅದಕ್ಕೇ ಇಲ್ಲಿ ಕ್ರಮದ ಬಗ್ಗೆಯೇ ಹೆಚ್ಚು ಹೇಳಿದ್ದೇನೆ.

ಹಳೆಯ ಟಿಬಿಯಿಂದ ಶ್ವಾಸಕೋಶ ಹಾಳಾದವರಿಗೂ, ಬ್ರಾಂಕಿಯೆಕ್ಟೇಸಿಸ್ (ಶ್ವಾಸನಾಳಗಳು ಅಗಲವಾಗಿ ಕಫ ಕೂಡುವ ಕಾಯಿಲೆ) ಇರುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಆಕ್ಸಿಜನ್ ಅಂಕಿ ಮಾತ್ರ ಕಾಯಿಲೆಯಿಂದ ಕಾಯಿಲೆಗೆ ಬೇರೆ. ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು.

## ಹಂತ 1: ಸಾಮಾನು ಮತ್ತು ಮೂರು ಅಂಕಿ

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್, ಪಂಪಿಗೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಹಾಕುವ ಪ್ಲಾಸ್ಟಿಕ್ ಕೊಳವೆ), ಸೆಕೆಂಡ್ ಮುಳ್ಳಿರುವ ಗಡಿಯಾರ, ಥರ್ಮಾಮೀಟರ್, ಕಫ ಉಗಿಯಲು ಮುಚ್ಚಳದ ಡಬ್ಬಿ, ಎರಡು ಮೂರು ಗಟ್ಟಿ ದಿಂಬು, ಬಚ್ಚಲಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ನೋಟ್‌ಬುಕ್. ಇಷ್ಟು ಸಾಕು. ದುಡ್ಡು ಕಡಿಮೆ ಇದ್ದರೆ ಮೊದಲು ಸ್ಪೇಸರ್ ತನ್ನಿ. ಅಷ್ಟು ಕಡಿಮೆ ಖರ್ಚಿಗೆ ಅಷ್ಟು ಉಪಯೋಗ ಕೊಡುವ ವಸ್ತು ಈ ಪಟ್ಟಿಯಲ್ಲಿ ಬೇರೆ ಇಲ್ಲ.

ಡಿಸ್ಚಾರ್ಜ್ ದಿನ ಬಿಲ್ಲು, ಆಟೋ ಗಲಾಟೆಯಲ್ಲಿ ಎಲ್ಲರೂ ಮರೆಯುವುದು ಒಂದಿದೆ. ಡಾಕ್ಟರ ಹತ್ತಿರ ಮೂರು ವಿಷಯ ಬರೆಸಿಕೊಳ್ಳಿ: ಆಕ್ಸಿಜನ್ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ; ಸ್ಯಾಚುರೇಷನ್ (ಆಕ್ಸಿಮೀಟರ್ ತೋರಿಸುವ ರಕ್ತದ ಆಕ್ಸಿಜನ್ ಅಂಕಿ) ಎಷ್ಟರಿಂದ ಎಷ್ಟರೊಳಗೆ ಇರಬೇಕು; ದಮ್ಮು ಜಾಸ್ತಿಯಾದರೆ ಯಾವ ಪಂಪ್ ಎಷ್ಟು ಸಲ. ಆ ಚೀಟಿಯನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿ. ರಾತ್ರಿ ಎರಡು ಗಂಟೆಗೆ ಫೈಲು ಹುಡುಕುತ್ತಾ ಕೂರಲು ಆಗುವುದಿಲ್ಲ, ಅಲ್ವಾ?

ಚೆನ್ನಾಗಿರುವ ದಿನದ ಅಂಕಿಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಐದು ನಿಮಿಷ ಸುಮ್ನೆ ಕೂರಿಸಿ, ಆಮೇಲೆ ಆಕ್ಸಿಮೀಟರ್ ಹಾಕಿ, ಅಂಕಿ ಒಂದು ಕಡೆ ನಿಲ್ಲುವವರೆಗೆ ಸುಮಾರು ಒಂದು ನಿಮಿಷ ಕಾಯಿರಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುವುದು ಅವರಿಗೆ ಗೊತ್ತಾಗಬಾರದು, ಗೊತ್ತಾದರೆ ಉಸಿರಿನ ಗತಿಯೇ ಬದಲಾಗುತ್ತದೆ. ಬೆರಳು ತಣ್ಣಗಿದ್ದರೆ, ಗೋರಂಟಿ ಅಥವಾ ನೇಲ್ ಪಾಲಿಶ್ ಇದ್ದರೆ ಅಂಕಿ ತಪ್ಪು ಬರಬಹುದು. ಡಿಸೆಂಬರ್ ಚಳಿಯಲ್ಲಿ ಕೈ ಉಜ್ಜಿ ಬೆಚ್ಚಗೆ ಮಾಡಿ ನೋಡಿ. ವಾರಕ್ಕೊಮ್ಮೆ ತೂಕವನ್ನೂ ಬರೆಯಿರಿ.

## ಹಂತ 2: ಹೊಗೆ ಎಲ್ಲಿಂದ ಬರುತ್ತಿದೆ ಹುಡುಕಿ

ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಗಿರುತ್ತದೆ. ಆದರೆ ಬಚ್ಚಲಿನ ಹಂಡೆ ಒಲೆ ಹಾಗೇ ಇರುತ್ತದೆ. ಬೆಳಗ್ಗೆ ತೆಂಗಿನ ಗರಿ, ಸೌದೆ ಹಾಕಿ ಉರಿಸಿದರೆ ಹೊಗೆ ಸೀದಾ ನಡುಮನೆಗೆ. ‘ನಮ್ಮನೇಲಿ ಹೊಗೆ ಇಲ್ಲ’ ಅನ್ನುವವರ ಮನೆಯಲ್ಲಿ ನಾನು ಮೊದಲು ನೋಡುವುದು ಬಚ್ಚಲನ್ನೇ. ನೀರು ಕಾಯಿಸಲು ಗ್ಯಾಸ್, ಹೀಟರ್ ಅಥವಾ ಸೋಲಾರ್‌ಗೆ ಬದಲಾಯಿಸಿ. ಅದು ಆಗದಿದ್ದರೆ ಒಲೆಯನ್ನು ಮನೆಯ ಹೊರಗೆ, ಗಾಳಿ ಬೀಸುವ ದಿಕ್ಕು ನೋಡಿ ಹಾಕಿ.

ಎರಡನೆಯದು ಊದುಬತ್ತಿ. ಮೈಸೂರಿನವರಿಗೆ ಇದನ್ನು ಹೇಳಿದರೆ ಬೇಜಾರಾಗುತ್ತದೆ, ಗೊತ್ತು. ದೇವರಿಗೆ ಎಣ್ಣೆ ದೀಪ, ಹೂವು ಸಾಕು. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಕಾಯಿಲ್ ಮೂರನ್ನೂ ಬಿಡಿ, ಸೊಳ್ಳೆಗೆ ಪರದೆ ಕಟ್ಟಿ. ಒಗ್ಗರಣೆಯ ಮೆಣಸಿನಕಾಯಿ ಘಾಟಿಗೂ ಕೆಮ್ಮು ಕೆರಳುತ್ತದೆ. ಆ ಹೊತ್ತಿಗೆ ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ತೆಗೆಯಿರಿ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಮಂಡ್ಯದ ಹಳ್ಳಿಗಳಲ್ಲಿ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಾಕುವುದು, ಆಲೆಮನೆ ಹೊಗೆ, ರಸ್ತೆ ಮೇಲಿನ ಒಕ್ಕಣೆ ಧೂಳು, ಇವನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ. ಪಕ್ಕದ ಗದ್ದೆಯವರಿಗೆ ‘ಬೆಂಕಿ ಹಾಕೋ ದಿನ ಮೊದಲೇ ಹೇಳಿ ಅಣ್ಣ’ ಎಂದು ಕೇಳಿಕೊಳ್ಳಬಹುದು. ಆ ದಿನ ಕಿಟಕಿ ಮುಚ್ಚಿ ಒಳಗಿನ ಕೋಣೆಯಲ್ಲಿ ಇರಿಸಿ. ಬೀಡಿ, ಸಿಗರೇಟು ರೋಗಿ ಬಿಟ್ಟರೆ ಸಾಲದು. ಜಗುಲಿಯಲ್ಲಿ ಕೂತು ಸೇದುವ ಮಗನ ಹೊಗೆಯೂ ಒಳಗೇ ಬರುತ್ತದೆ.

## ಹಂತ 3: ಬೆಳಗಿನ ಸಾಲು

ದಿನದಲ್ಲಿ ಅತಿ ಕಷ್ಟದ ಹೊತ್ತು ಬೆಳಗ್ಗೆ. ರಾತ್ರಿಯೆಲ್ಲ ಕೂಡಿದ ಕಫ ಎದೆಯಲ್ಲಿರುತ್ತದೆ. ಸಾಲು ಹೀಗಿರಲಿ:

1. ಎದ್ದ ತಕ್ಷಣ ನಿಲ್ಲಿಸಬೇಡಿ. ಮಂಚದ ಅಂಚಿನಲ್ಲಿ ಕೂರಿಸಿ, ಬಿಸಿನೀರು ಎರಡು ಗುಟುಕು ಕುಡಿಸಿ.
2. ಶ್ವಾಸನಾಳ ತೆರೆಯುವ ಪಂಪ್ ಅಥವಾ ನೆಬ್ಯುಲೈಸರ್ (ಔಷಧಿಯನ್ನು ಆವಿಯ ಹಾಗೆ ಮಾಡಿ ಕೊಡುವ ಯಂತ್ರ) ಕೊಡಿ.
3. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಕಫ ತೆಗೆಸಿ.
4. ಸ್ಟೀರಾಯ್ಡ್ ಇರುವ ಪಂಪ್ ಬೇರೆ ಕೊಟ್ಟಿದ್ದರೆ ಈಗ ಕೊಡಿ. ದಾರಿ ಖಾಲಿಯಾಗಿರುವುದರಿಂದ ಔಷಧಿ ಒಳಗೆ ಹೋಗುತ್ತದೆ.
5. ಆಮೇಲೆ ಹಲ್ಲುಜ್ಜಿಸಿ, ಬಾಯಿ ಮುಕ್ಕಳಿಸಿ ಉಗಿಸಿ.
6. ಸ್ವಲ್ಪ ಸುಧಾರಿಸಿಕೊಂಡ ಮೇಲೆ ತಿಂಡಿ. ತಿಂಡಿಯಾಗಿ ಒಂದು ಗಂಟೆ ಬಿಟ್ಟು ಸ್ನಾನ.

ಹಲ್ಲುಜ್ಜುವುದನ್ನು ಪಂಪ್ ಆದ ಮೇಲೆ ಇಟ್ಟಿರುವುದಕ್ಕೆ ಕಾರಣ ಇದೆ. ಸ್ಟೀರಾಯ್ಡ್ ಪುಡಿ ಬಾಯಲ್ಲಿ ಉಳಿದರೆ ನಾಲಿಗೆ, ಅಂಗುಳದ ಮೇಲೆ ಬಿಳಿ ಪದರ ಕಟ್ಟುತ್ತದೆ, ಊಟ ರುಚಿಸುವುದಿಲ್ಲ. ಮುಕ್ಕಳಿಸಿ ಎಂದು ಎಷ್ಟು ಹೇಳಿದರೂ ಮರೆಯುತ್ತಾರೆ. ಹಲ್ಲುಜ್ಜುವುದನ್ನು ಯಾರೂ ಮರೆಯುವುದಿಲ್ಲ. ಎಲ್ಲ ಔಷಧಿ ಸೇರಿದ ಒಂದೇ ಪಂಪ್ ಕೊಟ್ಟಿದ್ದರೆ ಅದನ್ನು ಎರಡನೆಯ ಜಾಗಕ್ಕೆ ತಂದು, ಕೂಡಲೇ ಬಾಯಿ ಮುಕ್ಕಳಿಸಿ.

## ಹಂತ 4: ಪಂಪ್ ಹೊಡೆಯುವುದು

ಸ್ಪೇಸರ್ ಇಲ್ಲದೆ ಬಾಯಿಗೆ ಸೀದಾ ಹೊಡೆದರೆ ಔಷಧಿ ಬಹುಪಾಲು ಗಂಟಲ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ನೆಟ್ಟಗೆ ಕೂರಿಸಿ. ಪಂಪನ್ನು ಚೆನ್ನಾಗಿ ಅಲ್ಲಾಡಿಸಿ ಸ್ಪೇಸರಿಗೆ ಸೇರಿಸಿ. ಆರಾಮವಾಗಿ ಉಸಿರು ಬಿಡಲಿ. ತುಟಿ ಬಿಗಿಯಾಗಿ ಮುಚ್ಚಲಿ. ಒಂದು ಸಲ ಒತ್ತಿ. ನಿಧಾನವಾಗಿ, ಮೂರರಿಂದ ಐದು ಸೆಕೆಂಡ್ ಉಸಿರು ಎಳೆಯಲಿ. ಆದಷ್ಟು ಹೊತ್ತು, ಹತ್ತು ಸೆಕೆಂಡಿನವರೆಗೆ, ಹಿಡಿದು ಬಿಡಲಿ. ಉಸಿರು ಹಿಡಿಯಲು ಆಗದವರು ಸ್ಪೇಸರಿನಲ್ಲೇ ಐದಾರು ಸಲ ಮಾಮೂಲಿ ಉಸಿರಾಡಿದರೂ ಸರಿ. ಎರಡನೆಯ ಪಫ್ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ ಹೊಡೆಯಿರಿ. ಎರಡೂ ಪಫ್ ಒಟ್ಟಿಗೆ ಸ್ಪೇಸರಿಗೆ ತುಂಬಿಸುವುದು ಎಲ್ಲ ಮನೆಯಲ್ಲೂ ನಡೆಯುವ ತಪ್ಪು.

ಸ್ಪೇಸರನ್ನು ವಾರಕ್ಕೊಮ್ಮೆ ಸೋಪು ನೀರಲ್ಲಿ ಅದ್ದಿ ತೆಗೆದು ತಾನಾಗಿ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್ಕಿಗೆ ಔಷಧಿ ಅಂಟಿಕೊಳ್ಳುತ್ತದೆ.

ರೋಟಾಕ್ಯಾಪ್ (ಸಾಧನಕ್ಕೆ ಹಾಕಿ ಎಳೆಯುವ ಪುಡಿಯ ಕ್ಯಾಪ್ಸೂಲ್) ಕೊಟ್ಟಿದ್ದರೆ ವಿಧಾನ ಉಲ್ಟಾ. ಅಲ್ಲಿ ಜೋರಾಗಿ, ಆಳವಾಗಿ ಎಳೆಯಬೇಕು. ಸಾಧನದೊಳಗೆ ಊದಬಾರದು, ಪುಡಿಗೆ ತೇವ ತಾಗುತ್ತದೆ. ಎಳೆದ ಮೇಲೆ ಕ್ಯಾಪ್ಸೂಲಿನಲ್ಲಿ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಸಿ. ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿಬಿಡುವ ಹಿರಿಯರು ಇದ್ದಾರೆ. ಹಾಗಾಗಿ ಮಾತ್ರೆ ಡಬ್ಬಿಯ ಜೊತೆ ಅದನ್ನು ಇಡಲೇಬೇಡಿ. ಜೋರಾಗಿ ಎಳೆಯುವ ತ್ರಾಣವೇ ಇಲ್ಲದವರಿಗೆ ಪುಡಿ ಕೆಲಸ ಮಾಡುವುದಿಲ್ಲ. ಡಾಕ್ಟರಿಗೆ ಹೇಳಿ ಸ್ಪೇಸರ್ ಪಂಪಿಗೆ ಬದಲಾಯಿಸಿಕೊಳ್ಳಿ.

ಪಂಪ್ ಖಾಲಿಯಾಗಿದೆಯಾ ಎಂದು ಅಲ್ಲಾಡಿಸಿ ನೋಡುವುದು, ನೀರಲ್ಲಿ ತೇಲಿಸುವುದು ಎರಡೂ ನಂಬುವಂಥದ್ದಲ್ಲ. ಔಷಧಿ ಮುಗಿದ ಮೇಲೂ ಬರೀ ಗ್ಯಾಸ್ ಬರುತ್ತಿರುತ್ತದೆ. ಡಬ್ಬಿಯ ಮೇಲೆ ಎಷ್ಟು ಡೋಸ್ ಎಂದು ಬರೆದಿರುತ್ತದೆ. 200 ಇದ್ದು ದಿನಕ್ಕೆ 4 ಪಫ್ ಆದರೆ 50 ದಿನ. ಮುಗಿಯುವ ತಾರೀಖನ್ನು ಪಂಪಿನ ಮೇಲೇ ಪೆನ್ನಿನಲ್ಲಿ ಬರೆಯಿರಿ.

## ಹಂತ 5: ನೆಬ್ಯುಲೈಸರ್

ಪಂಪ್ ಎಳೆಯಲು ಆಗುವವರಿಗೆ ನೆಬ್ಯುಲೈಸರ್ ದಿನಾ ಬೇಕಾಗುವುದಿಲ್ಲ. ಶಬ್ದ ಮಾಡುವ, ಹೊಗೆ ಬರುವ ಯಂತ್ರದ ಮೇಲೆ ನಮ್ಮವರಿಗೆ ನಂಬಿಕೆ ಜಾಸ್ತಿ, ಅಷ್ಟೇ. ಬರೆದುಕೊಟ್ಟಿದ್ದರೆ ನೆಟ್ಟಗೆ ಕೂರಿಸಿ ಕೊಡಿ, ಮಲಗಿಸಿ ಬೇಡ. ಔಷಧಿಗೆ ನೀರು ಬೆರೆಸಬೇಕಾದರೆ ನಾರ್ಮಲ್ ಸಲೈನ್ ಮಾತ್ರ. ನಲ್ಲಿ ನೀರು, ಕಾದಾರಿದ ನೀರು ಬೇಡ. ಇಪ್ರಾಟ್ರೋಪಿಯಂ (ಶ್ವಾಸನಾಳ ತೆರೆಯುವ ಒಂದು ಔಷಧಿ) ಅದರಲ್ಲಿದ್ದರೆ ಮಾಸ್ಕ್ ಸಡಿಲವಾಗಿರಬಾರದು. ಆವಿ ಕಣ್ಣಿಗೆ ಹೋದರೆ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರುವವರಿಗೆ ತೊಂದರೆ. ಬಾಯಲ್ಲಿ ಕಚ್ಚಿಕೊಳ್ಳುವ ಮೌತ್‌ಪೀಸ್ ಇದ್ದರೆ ಒಳ್ಳೆಯದು. ಪ್ರತಿ ಸಲ ಮುಗಿದ ಮೇಲೆ ಕಪ್ಪನ್ನು ತೊಳೆದು, ಮಗುಚಿ ಒಣಗಿಸಿ. ಒಬ್ಬರ ಮಾಸ್ಕ್ ಇನ್ನೊಬ್ಬರಿಗೆ ಬೇಡ, ಮೊಮ್ಮಗುವಿಗೆ ನೆಗಡಿ ಬಂದಾಗಲೂ ಬೇಡ.

## ಹಂತ 6: ಕಫ ತೆಗೆಸುವುದು

ಹೊಟ್ಟೆ ಖಾಲಿ ಇರಬೇಕು, ಇಲ್ಲವೇ ಊಟವಾಗಿ ಎರಡು ಗಂಟೆ ಆಗಿರಬೇಕು. ಜೋರಾಗಿ ಕೆಮ್ಮಿಸಿದರೆ ನಾಳಗಳು ಮುಚ್ಚಿಕೊಂಡು ಕಫ ಅಲ್ಲೇ ಸಿಕ್ಕಿಕೊಳ್ಳುತ್ತದೆ, ರೋಗಿ ಸುಸ್ತಾಗುತ್ತಾರೆ. ಅದಕ್ಕೆ ಬದಲು ಹೀಗೆ: ಮೂರು ನಾಲ್ಕು ಆಳವಾದ ಉಸಿರು, ಒಂದೆರಡು ನಿಮಿಷ ಮಾಮೂಲಿ ಉಸಿರು. ಆಮೇಲೆ ಬಾಯಿ ತೆರೆದು ಕನ್ನಡಕದ ಗಾಜಿಗೆ ಆವಿ ಹಿಡಿಸುವ ಹಾಗೆ ‘ಹಾ’ ಎಂದು ಒಂದೇ ಸಮ ಗಾಳಿ ತಳ್ಳಬೇಕು. ಎರಡು ಸಲ ಮಾಡಿ ವಿಶ್ರಾಂತಿ. ಕಫ ಮೇಲೆ ಬಂದದ್ದು ಗೊರಗೊರ ಶಬ್ದದಲ್ಲಿ ಗೊತ್ತಾಗುತ್ತದೆ. ಆಗ ಒಂದು ಕೆಮ್ಮು ಸಾಕು.

ಬೆನ್ನು ತಟ್ಟುವುದನ್ನು ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟ ಮೇಲೆಯೇ ಮಾಡಿ. ಅಂಗೈ ಬೊಗಸೆ ಮಾಡಿ, ಬಟ್ಟೆಯ ಮೇಲೆ, ಪಕ್ಕೆಲುಬಿನ ಜಾಗದಲ್ಲಿ ಮಾತ್ರ. ಬೆನ್ನುಮೂಳೆ, ಸೊಂಟದ ಮೇಲೆ ಬೇಡ. ಕಫದಲ್ಲಿ ರಕ್ತ ಕಂಡರೆ, ಮೂಳೆ ಸವೆದಿದ್ದರೆ ತಟ್ಟಲೇಬೇಡಿ.

ಡಬ್ಬಿ ಚೆಲ್ಲುವ ಮೊದಲು ಬಣ್ಣ ನೋಡಿ. ದಿನಾ ಬೆಳ್ಳಗಿದ್ದದ್ದು ಹಳದಿ, ಹಸಿರಿಗೆ ತಿರುಗಿದರೆ, ಪ್ರಮಾಣ ಜಾಸ್ತಿಯಾದರೆ ಅದು ಸೋಂಕಿನ ಮೊದಲ ಗುರುತು. ಜ್ವರ ಆಮೇಲೆ ಬರಬಹುದು, ಬರದೆಯೂ ಇರಬಹುದು. ಇಲ್ಲಿ ಎರಡು ದಿನ ಕಾಯುವುದರಲ್ಲೇ ಎಷ್ಟೋ ಜನ ಐಸಿಯು ತನಕ ಹೋಗುತ್ತಾರೆ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಆಂಟಿಬಯೋಟಿಕ್ ತರಬೇಡಿ. ಕೆಮ್ಮು ನಿಲ್ಲಿಸುವ ಸಿರಪ್ಪೂ ಬೇಡ, ಕಫ ಒಳಗೇ ಉಳಿಯುತ್ತದೆ. ತೂಕ ಇಳಿಯುತ್ತಾ ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ; ಟಿಬಿ ಇದೆಯಾ ನೋಡಿಸಿ.

## ಹಂತ 7: ಆಕ್ಸಿಜನ್

ಇದು ಔಷಧಿ. ಮಾತ್ರೆಯ ಹಾಗೆ ಇದಕ್ಕೂ ಡೋಸ್ ಇದೆ. ಸಿಒಪಿಡಿ ಇರುವ ಬಹಳ ಜನಕ್ಕೆ, ಅದರಲ್ಲೂ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುವ ಅಪಾಯ ಇರುವವರಿಗೆ, ಸ್ಯಾಚುರೇಷನ್ 88ರಿಂದ 92ರೊಳಗೆ ಇರಿಸುತ್ತಾರೆ. ಆಕ್ಸಿಮೀಟರಿನಲ್ಲಿ 90 ಕಂಡ ತಕ್ಷಣ ಮನೆಯವರಿಗೆ ಗಾಬರಿ. ಕೋವಿಡ್ ಕಾಲದಲ್ಲಿ 94ಕ್ಕಿಂತ ಇಳಿದರೆ ಓಡಿ ಎಂದು ಕೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆ. 98 ಮಾಡಲು ಹೋಗಿ ಲೀಟರ್ ಏರಿಸುತ್ತಾರೆ.

ಜಾಸ್ತಿ ಆಕ್ಸಿಜನ್ ಹೋದರೆ ಇಂಥವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಬೆಳಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಮಾತು ತಡವರಿಸುವುದು, ಕೈ ಚಾಚಿದರೆ ಪಟಪಟ ಅಲುಗುವುದು, ಇವು ಅದರ ಗುರುತು. ‘ತಾತ ಇವತ್ತು ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ, ಎಬ್ಬಿಸಬೇಡಿ’ ಎಂದು ಬಿಟ್ಟ ನಿದ್ದೆ ಕೆಲವೊಮ್ಮೆ ನಿದ್ದೆಯೇ ಅಲ್ಲ. ಎಬ್ಬಿಸಿ ಮಾತಾಡಿಸಿ. ಸರಿಯಾಗಿ ಎಚ್ಚರವಾಗದಿದ್ದರೆ ಅದು ತುರ್ತು.

ಉಲ್ಟಾ ತಪ್ಪೂ ಇದೆ. ಮನೆಯಲ್ಲಿ ದಿನವೂ ಆಕ್ಸಿಜನ್ ಹಾಕಲು ಬರೆದುಕೊಟ್ಟವರಿಗೆ ದಿನಕ್ಕೆ ಕಡಿಮೆ ಎಂದರೂ 15 ಗಂಟೆ ಬೇಕು, ನಿದ್ದೆಯ ಹೊತ್ತೂ ಸೇರಿ. ‘ಅಭ್ಯಾಸ ಆಗಿಬಿಡುತ್ತೆ’ ಎಂದು ದಮ್ಮು ಬಂದಾಗ ಮಾತ್ರ ಹತ್ತು ನಿಮಿಷ ಹಾಕಿ ತೆಗೆದರೆ ಉಪಯೋಗವಿಲ್ಲ.

ಕಾನ್ಸಂಟ್ರೇಟರನ್ನು (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಗೋಡೆ, ಪರದೆಯಿಂದ ಒಂದಡಿಯಾದರೂ ದೂರ ಇಡಿ. ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ನೀರಿನ ಬಾಟಲಿ ಇದ್ದರೆ ಡಿಸ್ಟಿಲ್ಡ್ ನೀರು, ಇಲ್ಲವೇ ಕುದಿಸಿ ಆರಿಸಿದ ನೀರು, ದಿನಾ ಬದಲಿಸಿ. ಗಾಳಿ ಬರುತ್ತಿಲ್ಲ ಅನ್ನಿಸಿದರೆ ಮೂಗಿನ ನಳಿಕೆಯ ತುದಿಯನ್ನು ಲೋಟದ ನೀರಿಗೆ ಅದ್ದಿ. ಗುಳ್ಳೆ ಬರದಿದ್ದರೆ ಮೊದಲು ಬಾಟಲಿಯ ಮುಚ್ಚಳ ನೋಡಿ. ಅದು ಓರೆಯಾಗಿ ಕೂತು ಗಾಳಿ ಸೋರುವುದೇ ಜಾಸ್ತಿ. ಆಮೇಲೆ ಪೈಪು ಮಡಚಿದೆಯಾ, ಮಂಚದ ಕಾಲಡಿ ಸಿಕ್ಕಿದೆಯಾ ನೋಡಿ. ಕಿವಿಯ ಹಿಂದೆ ಗಾಯವಾಗದಂತೆ ಹತ್ತಿ ಸುತ್ತಿ. ಮೂಗು ಒಣಗಿದರೆ ವ್ಯಾಸಲಿನ್, ಕೊಬ್ಬರಿ ಎಣ್ಣೆ ಹಚ್ಚಬೇಡಿ, ನೀರಿನ ಜೆಲ್ ಸಾಕು. ಆಕ್ಸಿಜನ್ ಇರುವ ಕೋಣೆಯಲ್ಲಿ ಬೀಡಿ, ದೀಪ, ಬೆಂಕಿಕಡ್ಡಿ ಯಾವುದೂ ಬೇಡ. ಮೂಗಿಗೆ ನಳಿಕೆ ಇಟ್ಟುಕೊಂಡೇ ಬೀಡಿ ಹಚ್ಚಿ ಮುಖ ಸುಟ್ಟುಕೊಂಡವರಿದ್ದಾರೆ.

ಕರೆಂಟ್ ಹೋಗುತ್ತದೆ, ಅದಕ್ಕೆ ತಯಾರಿ ಬೇಕು. 5 ಲೀಟರಿನ ಯಂತ್ರಕ್ಕೆ ಸುಮಾರು 300ರಿಂದ 400 ವಾಟ್ ಬೇಕು. 150 ಆಂಪಿಯರ್ ಅವರ್ ಬ್ಯಾಟರಿಯ ಮನೆ ಯುಪಿಎಸ್, ಅದೂ ಸೈನ್ ವೇವ್ ಆಗಿದ್ದರೆ, ಎರಡು ಮೂರು ಗಂಟೆ ಎಳೆಯಬಹುದು. ಟಿವಿ, ಫ್ಯಾನ್ ಎಲ್ಲ ಅದರಲ್ಲೇ ಇದ್ದರೆ ಅಷ್ಟೂ ಇಲ್ಲ. ಹಾಗಾಗಿ ಬಿ ಟೈಪ್ ಸಿಲಿಂಡರ್ ಒಂದು ತುಂಬಿಸಿ ಇಟ್ಟಿರಿ. ಅದರಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಆದರೆ ಹನ್ನೆರಡು ಗಂಟೆ, 1 ಲೀಟರ್ ಆದರೆ ಅದರ ಎರಡರಷ್ಟು. ಸಿಲಿಂಡರ್ ಬೀಳದ ಹಾಗೆ ಗೋಡೆಗೆ ಕಟ್ಟಿ. ಕೀಲಿ ಅದಕ್ಕೇ ನೇತುಹಾಕಿ. ವಾಲ್ವ್ ಬಿಗಿ ಎಂದು ಎಣ್ಣೆ ಬಿಡಬೇಡಿ. ತಿಂಗಳಿಗೊಮ್ಮೆ ತೆರೆದು ಒತ್ತಡ ನೋಡಿ. ಸೆಸ್ಕ್‌ನ 1912 ನಂಬರನ್ನು (ಕರೆಂಟಿನ ದೂರಿಗೆ) ಗೋಡೆಯ ಚೀಟಿಯಲ್ಲೇ ಬರೆದಿಡಿ.

## ಹಂತ 8: ಊಟ

ದಮ್ಮಿನವರು ಸೊರಗುವುದಕ್ಕೆ ಕಾರಣ ಉಸಿರಾಟಕ್ಕೇ ಶಕ್ತಿ ಜಾಸ್ತಿ ಖರ್ಚಾಗುವುದು. ಹೊಟ್ಟೆ ತುಂಬಿದರೆ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗ ಇರುವುದಿಲ್ಲ, ದಮ್ಮು ಏರುತ್ತದೆ. ಅದಕ್ಕೇ ಎರಡು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ.

ಮುದ್ದೆ ಬಿಡಿ ಎಂದು ಮಂಡ್ಯದವರಿಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅರ್ಧ ಮುದ್ದೆ, ಮೆತ್ತಗೆ, ಸಣ್ಣ ತುತ್ತು, ಸಾರು ಜಾಸ್ತಿ. ಏದುಸಿರು ಇರುವಾಗ ದೊಡ್ಡ ತುತ್ತು ನುಂಗಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ತೀರಾ ಸುಸ್ತಿನ ದಿನ ರಾಗಿ ಗಂಜಿ. ಮೊಟ್ಟೆ, ಮೀನು, ಮೊಸರು, ಬೇಳೆ ದಿನಾ ಒಂದಲ್ಲ ಒಂದು ಇರಲಿ. ಅವರೆಕಾಳಿನ ಕಾಲದಲ್ಲಿ ಹೊಟ್ಟೆ ಉಬ್ಬರಿಸಿದರೆ ಕಡಿಮೆ ಮಾಡಿ. ‘ಮೊಸರು, ಬಾಳೆಹಣ್ಣು ಶೀತ’ ಎಂದು ಎಲ್ಲವನ್ನೂ ನಿಲ್ಲಿಸಿದರೆ ತಿನ್ನುವುದಕ್ಕೆ ಏನುಳಿಯಿತು? ಊಟದ ಹೊತ್ತಿಗೂ ಮೂಗಿನ ನಳಿಕೆ ಇರಲಿ. ಮಲಬದ್ಧತೆ ಆಗದ ಹಾಗೆ ನೋಡಿ, ತಿಣುಕಿದರೆ ದಮ್ಮು ಕಟ್ಟುತ್ತದೆ. ಕಾಲು ಊತ, ಹೃದಯದ ತೊಂದರೆ ಇದ್ದರೆ ನೀರು, ಉಪ್ಪು ಎಷ್ಟು ಎಂದು ಡಾಕ್ಟರನ್ನು ಕೇಳಿ.

## ಹಂತ 9: ಸ್ನಾನ, ನಡಿಗೆ, ನಿದ್ದೆ

ಸ್ನಾನಕ್ಕೆ ಕುರ್ಚಿ, ಉಗುರು ಬೆಚ್ಚಗಿನ ನೀರು, ಬಾಗಿಲು ಸ್ವಲ್ಪ ತೆರೆದಿರಲಿ. ಒರೆಸಿಕೊಳ್ಳುವ ಕೆಲಸವೇ ಸುಸ್ತು ತರುವುದು. ದೊಡ್ಡ ಟವೆಲ್ ಹೊದಿಸಿ ಕೂರಿಸಿದರೆ ತಾನಾಗಿ ಒಣಗುತ್ತದೆ.

ಮಲಗಿಸಿಯೇ ಇಟ್ಟರೆ ಕಾಲಿನ ಮಾಂಸ ಕರಗುತ್ತದೆ, ಆಮೇಲೆ ನಾಲ್ಕು ಹೆಜ್ಜೆಗೂ ದಮ್ಮು. ದಿನಾ ನಡೆಸಿ, ಜೊತೆಗೆ ಮಾತಾಡಲು ಆಗುವಷ್ಟು ವೇಗದಲ್ಲಿ. ಕುಕ್ಕರಹಳ್ಳಿ ಕೆರೆ ದಂಡೆಯಾದರೂ ಸರಿ, ಮನೆ ಮುಂದಿನ ಬೀದಿಯಾದರೂ ಸರಿ. ಚಳಿಗಾಲದಲ್ಲಿ ಮಂಜು ಕರಗಿದ ಮೇಲೆ ಹೊರಡಿ. ಐದು ಗಂಟೆಯ ವಾಕಿಂಗ್ ಇವರಿಗಲ್ಲ.

ನಿದ್ದೆ ಮಾತ್ರೆಯನ್ನು ಡಾಕ್ಟರಿಗೆ ಕೇಳದೆ ಕೊಡಬೇಡಿ, ಉಸಿರಾಟವನ್ನೇ ನಿಧಾನ ಮಾಡುತ್ತದೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ನ್ಯುಮೋಕಾಕಲ್ ಲಸಿಕೆ ಬಗ್ಗೆಯೂ ಕೇಳಿ.

## ಹಂತ 10: ದಮ್ಮು ಏರಿದಾಗ

ಮೊದಲು ನೀವು ಗಾಬರಿಯಾಗಬೇಡಿ. ನಾಲ್ಕು ಜನ ಸುತ್ತ ನಿಂತರೆ ರೋಗಿಯ ಉಸಿರು ಇನ್ನೂ ಕಟ್ಟುತ್ತದೆ. ಒಬ್ಬರು ಮಾತ್ರ ಹತ್ತಿರ ಇರಿ.

1. ಕೂರಿಸಿ. ಮಲಗಿಸಬೇಡಿ. ‘ಅಪ್ಪಾ, ಸ್ವಲ್ಪ ಮುಂದಕ್ಕೆ ಬಗ್ಗಿ, ಕೈ ದಿಂಬಿನ ಮೇಲಿಡಿ’ ಎಂದು ಮೇಜಿನ ಮೇಲೋ ಮಡಿಲಲ್ಲೋ ದಿಂಬು ಕೊಡಿ. ಮುಖಕ್ಕೆ ಫ್ಯಾನ್ ಗಾಳಿ ಬರಲಿ.
2. ತುಟಿ ಸೀಟಿ ಹೊಡೆಯುವ ಹಾಗೆ ಮಾಡಿಸಿ. ಮೂಗಿನಿಂದ ಎರಡು ಎಣಿಸುವವರೆಗೆ ಎಳೆದು, ಬಾಯಿಂದ ನಾಲ್ಕು ಎಣಿಸುವವರೆಗೆ ಬಿಡಲಿ. ನೀವೂ ಎದುರಿಗೆ ಕೂತು ಜೊತೆಗೆ ಮಾಡಿ.
3. ಗೋಡೆಯ ಚೀಟಿಯಲ್ಲಿ ಬರೆದ ಪಂಪನ್ನು ಸ್ಪೇಸರಿನಲ್ಲಿ, ಬರೆದಷ್ಟೇ ಸಲ ಕೊಡಿ.
4. ಮನೆಯಲ್ಲಿ ಆಕ್ಸಿಜನ್ ಇದ್ದರೆ ಬರೆದಷ್ಟು ಲೀಟರಿಗೆ ಹಾಕಿ, ಅಂಕಿ ನೋಡಿ.
5. ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ 108.

ಬಿಸಿನೀರಿನ ಆವಿ ಹಿಡಿಸುವುದು, ಎದೆಗೆ ಬಾಮ್ ತಿಕ್ಕುವುದು ಈ ಹೊತ್ತಿನಲ್ಲಿ ಬೇಡ. ಸಮಯ ಹೋಗುತ್ತದೆ, ಬಿಸಿನೀರು ಚೆಲ್ಲಿ ಸುಡುವ ಭಯ ಬೇರೆ.

## ಹಂತ 11: ಹದಿನೈದು ನಿಮಿಷವನ್ನೂ ಕಾಯದೆ ಹೊರಡಬೇಕಾದಾಗ

ತುಟಿ, ಉಗುರು ನೀಲಿಯಾದರೆ. ಒಂದು ವಾಕ್ಯ ಪೂರ್ತಿ ಮಾಡಲು ಆಗದಿದ್ದರೆ. ಉಸಿರು ನಿಮಿಷಕ್ಕೆ 30 ದಾಟಿದರೆ. ಬರೆದಷ್ಟು ಆಕ್ಸಿಜನ್ ಹಾಕಿದರೂ ಸ್ಯಾಚುರೇಷನ್ ಹೇಳಿದ ಅಂಕಿಗಿಂತ ಕೆಳಗೇ ನಿಂತರೆ. ಮಂಕಾದರೆ, ಗುರುತು ತಪ್ಪಿದರೆ. ಒಂದು ಪಕ್ಕ ಇದ್ದಕ್ಕಿದ್ದಂತೆ ಚುಚ್ಚಿ ದಮ್ಮು ಕಟ್ಟಿದರೆ. ಶ್ವಾಸಕೋಶದ ಗಾಳಿ ಹೊರಗೆ ಸೋರಿರಬಹುದು. ಕಫದಲ್ಲಿ ರಕ್ತ ಜಾಸ್ತಿ ಬಂದರೆ. ಕಾಲು ಹೊಸದಾಗಿ ಊದಿಕೊಂಡು ಎರಡು ಮೂರು ದಿನದಲ್ಲಿ ತೂಕ ಏರಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಕೆ.ಆರ್. ಪೇಟೆ, ಮಳವಳ್ಳಿ, ನಾಗಮಂಗಲ ಕಡೆಯವರು ‘ಸೀದಾ ಮೈಸೂರಿಗೇ ಹೋಗೋಣ’ ಎಂದು ಬಾಡಿಗೆ ಕಾರು ಹತ್ತುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ದಾರಿಯಲ್ಲಿ ಆಕ್ಸಿಜನ್ ಇರುವುದಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಮೊದಲು ಉಸಿರು ಹಿಡಿತಕ್ಕೆ ತಂದು, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗುವುದು ಕ್ಷೇಮ.

ಹೊರಡುವಾಗ ಗೋಡೆಯ ಚೀಟಿ, ನೋಟ್‌ಬುಕ್, ಎಲ್ಲ ಪಂಪ್, ಹಳೆಯ ಎಕ್ಸ್‌ರೇ ಒಂದು ಚೀಲದಲ್ಲಿ. ಆಂಬುಲೆನ್ಸಿನವರು ಮಾಸ್ಕ್ ಕೈಗೆತ್ತಿಕೊಳ್ಳುವ ಮೊದಲೇ ಹೇಳಿಬಿಡಿ: ‘ಇವರಿಗೆ ಸಿಒಪಿಡಿ ಇದೆ, ಸ್ಯಾಚುರೇಷನ್ 88ರಿಂದ 92 ಸಾಕು ಅಂತ ಡಾಕ್ಟರ್ ಬರೆದಿದ್ದಾರೆ.’ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಆ ಅಂಕಿ ಹೇಳಿ, ಚೀಟಿಯನ್ನೂ ತೋರಿಸಿ.